ಹುಣ್ಣಿಮೆ ನಮ್ಮ ಕಡೆ ಹುಣ್ಣಿವಿ

ಕೇಳುಗರಿಗೆ ನಮಸ್ಕಾರ. ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಜೂನ್, ಜುಲೈ ಅಂತ ಲೆಕ್ಕ ಹಾಕುವುದು ಕಡಿಮೆ. ‘ಕಾರಹುಣ್ಣಿವಿ ಮುಂದ’, ‘ಶೀಗಿಹುಣ್ಣಿವಿ ಆದಮ್ಯಾಲ’ ಅನ್ನುತ್ತಾರೆ. ಈ ‘ಹುಣ್ಣಿವಿ’ ಎಲ್ಲಿಂದ ಬಂತು ಅಂತ ಇವತ್ತು ನೋಡೋಣ.

ಇದರ ಬೇರು ಸಂಸ್ಕೃತದ ಪೂರ್ಣಿಮಾ, ಚಂದ್ರ ತುಂಬಿದ ದಿನ. ಪ್ರಾಕೃತದಲ್ಲಿ ಅದು ಪುಣ್ಣಿಮಾ ಆಯಿತು, ಹಳಗನ್ನಡಕ್ಕೆ ಪುಣ್ಣಮೆ ಆಗಿ ಬಂತು. ಮುಂದೆ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಇದೂ ಹುಣ್ಣಿಮೆ ಆಯಿತು. ನಮ್ಮ ಕಡೆ ಅಷ್ಟಕ್ಕೇ ನಿಲ್ಲಲಿಲ್ಲ, ‘ಮ’ ಹೋಗಿ ‘ವ’ ಬಂದು ಹುಣ್ಣಿವಿ ಆಯಿತು, ಅವಸರದಲ್ಲಿ ಹುಣ್ವಿ. ಇದನ್ನು ತಪ್ಪು ಉಚ್ಚಾರ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಾಲನ್ನು ಹಾಲು ಮಾಡಿದ್ದೂ ಜನರ ನಾಲಿಗೆಯೇ ಅಲ್ವಾ?

ಹುಣ್ಣಿಮೆ ಹೊರಗಿಂದ ಬಂದದ್ದು, ತಿಂಗಳು ಮಾತ್ರ ನಮ್ಮದೇ. ಹಳಗನ್ನಡದಲ್ಲಿ ತಿಂಗಳ್ ಅಂದರೆ ಚಂದ್ರನೂ ಹೌದು, ಮಾಸವೂ ಹೌದು, ತಮಿಳಿನಲ್ಲೂ ಹಾಗೇ. ಬೆಳದಿಂಗಳಿನಲ್ಲಿ ಆ ಚಂದ್ರ ಇನ್ನೂ ಇದ್ದಾನೆ. ಬೆಳ್ ಅಂದರೆ ಬಿಳಿ.

ಆದರೆ ನನಗೆ ಜಾಸ್ತಿ ಇಷ್ಟ ಹುಣ್ಣಿವಿಗಳ ಹೆಸರುಗಳು. ಪಂಚಾಂಗದ ಜ್ಯೇಷ್ಠ ಪೂರ್ಣಿಮೆ ರೈತರ ಬಾಯಲ್ಲಿ ಕಾರಹುಣ್ಣಿವಿ. ಅವತ್ತು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಸಂಜೆ ಅಗಸಿ, ಅಂದರೆ ಊರ ಬಾಗಿಲ ಹತ್ತಿರ ಬೇವಿನ ಸೊಪ್ಪು ಕಟ್ಟಿದ ಹಗ್ಗದ ಕಡೆ ಓಡಿಸುತ್ತಾರೆ. ಎತ್ತುಗಳು ಆ ಹಗ್ಗ ಹರಿಯುವುದೇ ಕರಿ ಹರಿಯುವುದು. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆ ಅಂತ ಹೇಳುತ್ತಾರೆ. ಆಶ್ವಿಜದ್ದು ಶೀಗಿಹುಣ್ಣಿವಿ. ಹೊಲದಲ್ಲಿ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜೆ ಮಾಡಿ, ಪೈರಿನ ನಡುವೆ ಚರಗ, ಅಂದರೆ ಭೂತಾಯಿಗೆ ನೈವೇದ್ಯದ ಅಡುಗೆ ಚೆಲ್ಲಿ, ಬುತ್ತಿ ಬಿಚ್ಚಿ ಅಲ್ಲೇ ಊಟ. ನೂಲಹುಣ್ಣಿವಿ, ಹೊಸ್ತಿಲ ಹುಣ್ಣಿವಿ, ಬನದ ಹುಣ್ಣಿವಿ, ಭಾರತ ಹುಣ್ಣಿವಿ ಅಂತ ವರ್ಷಪೂರ್ತಿ ಹೀಗೇ.

ಒಂದು ತೊಡಕಿದೆ. ಚಂದ್ರನ 12 ತಿಂಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಸುಮ್ನೆ ಬಿಟ್ಟರೆ ಎಂಟೊಂಬತ್ತು ವರ್ಷದಲ್ಲಿ ಕಾರಹುಣ್ಣಿವಿ ಮಾರ್ಚ್ ಬಿಸಿಲಿಗೆ ಬಂದುಬಿಡುತ್ತಿತ್ತು, ಆಗ ಬಿತ್ತನೆ ಎಲ್ಲಿ, ಮಳೆ ಎಲ್ಲಿ? ಅದಕ್ಕೇ ಸುಮಾರು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸುತ್ತಾರೆ. ಹಾಗಾಗಿ ಕಾರಹುಣ್ಣಿವಿ ಇವತ್ತಿಗೂ ಮುಂಗಾರಿನ ಹೊತ್ತಿಗೇ ಬರುತ್ತದೆ. ನಮಸ್ಕಾರ.