ಹಬ್ಬಕ್ಕೆ ಯಾವ ಕೆಂಪು?

ಕೇಳುಗರಿಗೆಲ್ಲ ನಮಸ್ಕಾರ.

ನವರಾತ್ರಿ ಹತ್ತಿರ ಬಂದಿದೆ. ಸೀರೆ ಅಂಗಡಿಗಳಲ್ಲಿ "ಇದಕ್ಕಿಂತ ಸ್ವಲ್ಪ ಗಾಢವಾದದ್ದು ಇದೆಯೇ, ತುಸು ತಿಳಿಯಾದದ್ದು ತೋರಿಸಿ" ಎಂಬ ಮಾತು ಬೆಳಗಿನಿಂದ ರಾತ್ರಿಯವರೆಗೂ ಕೇಳಿಬರುವ ದಿನಗಳಿವು. ದೇವಿಯ ಹಬ್ಬಕ್ಕೆ ಕೆಂಪು ಉಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಕೆಂಪು ಎನ್ನುವಲ್ಲಿ ಮಾತ್ರ ಮನಸ್ಸು ತೂಗಾಡುತ್ತದೆ. ನಾನು ಹೇಳುವುದಿಷ್ಟು: ಯಾವ ಹೊತ್ತಿನಲ್ಲಿ, ಯಾವ ಬೆಳಕಿನಲ್ಲಿ ಉಡುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ, ಕೆಂಪನ್ನು ಆಮೇಲೆ ಆರಿಸಿ.

ಮುಸ್ಸಂಜೆಯಲ್ಲಿ ಹಿತ್ತಲಿನ ದಾಸವಾಳ ಗಿಡವನ್ನು ಒಮ್ಮೆ ನೋಡಿ. ಎಲೆಯ ಹಸಿರು ಇನ್ನೂ ಕಾಣುತ್ತಿರುವಾಗಲೇ ಹೂವು ಕಪ್ಪಿಟ್ಟಿರುತ್ತದೆ. ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಮೊದಲು ಮಂಕಾಗುವ ಬಣ್ಣ ಕೆಂಪು. ಹಗಲಿನಲ್ಲಿ ಗಂಭೀರವಾಗಿ ಕಂಡ ಮರೂನ್ ಸೀರೆ ಸಂಜೆಯ ಆರತಿಯ ಹೊತ್ತಿಗೆ ಕಪ್ಪು ಸೀರೆಯಂತೆ ಕಾಣುವುದು ಇದರಿಂದಲೇ. ಬೆಳಗಿನ ಪೂಜೆಗೆ ದಾಳಿಂಬೆಯ ಗಾಢ ಕೆಂಪು ಚೆನ್ನ. ದೀಪದ ಬೆಳಕಿಗೆ ಕುಂಕುಮದ ಕೆಂಪು, ಇಲ್ಲವೇ ತುಸು ಕೇಸರಿ ಬೆರೆತ ಕೆಂಪು ಒಪ್ಪುತ್ತದೆ. ಅಂಗಡಿಯ ಬಿಳಿ ದೀಪವನ್ನಂತೂ ನಂಬಬೇಡಿ. ಸೀರೆಯನ್ನು ಬಾಗಿಲವರೆಗೆ ತರಿಸಿ, ಒಂದು ಮಡಿಕೆ ಬಿಚ್ಚಿ, ಹಗಲು ಬೆಳಕಿನಲ್ಲಿ ಮುಖದ ಹತ್ತಿರ ಹಿಡಿದು ನೋಡಿ. ಒಳಗೆ ಕುಂಕುಮಗೆಂಪಾಗಿ ಕಂಡದ್ದು ಹೊರಗೆ ರಾಣಿ ಬಣ್ಣಕ್ಕೆ ತಿರುಗುವುದುಂಟು.

ಗಾಢವಾದಷ್ಟೂ ಹಬ್ಬಕ್ಕೆ ಶ್ರೇಷ್ಠ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಲಲಿತಾ ಸಹಸ್ರನಾಮದಲ್ಲಿ ದೇವಿ ಉಟ್ಟಿರುವುದು ಕುಸುಬೆಯ ಬಣ್ಣದ ವಸ್ತ್ರ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಅದರ ಎಸಳುಗಳನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಳದಿಯನ್ನೆಲ್ಲ ಕಳೆದ ಮೇಲೆ, ಕ್ಷಾರದ ನೀರಿನಲ್ಲಿ ನೆನೆಸಿದಾಗ ಕೆಂಪು ಹೊರಗೆ ಬರುತ್ತದೆ. ಹುಳಿ ಬೆರೆಸಿ ಅದನ್ನು ಬಟ್ಟೆಗೆ ಹಿಡಿಸುತ್ತಾರೆ. ಆ ಕೆಂಪು ಎಳೆಯದು, ಬೆಳಗಿನ ಆಕಾಶದ ಹಾಗೆ. ಆದ್ದರಿಂದ ತಿಳಿಗೆಂಪು ಉಡಲು ಯಾರೂ ಅಳುಕಬೇಕಾಗಿಲ್ಲ.

ಇನ್ನು ಇಳಕಲ್ ಸೀರೆ. ಇದರ ಬಗ್ಗೆ ಹೇಳತೊಡಗಿದರೆ ನನಗೆ ನಿಲ್ಲಿಸುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಈ ಸೀರೆಯ ಸೆರಗನ್ನು ಅಂಗೈ ಮೇಲೆ ಹರಡಿಕೊಂಡು ನೋಡಿ. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳು ಸಾಲಾಗಿ ನಿಂತಿರುತ್ತವೆ. ಇದೇ ತೋಪುತೆನೆ ಸೆರಗು. ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು, ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದು. ಎರಡೂ ಹಾಸುಗಳ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿಯೇ ನೇಯುತ್ತಾರೆ. ಇಂಥ ಸೆರಗು ಬೇಕೆಂದರೆ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಇಷ್ಟು ಶ್ರಮದ ಸೆರಗನ್ನು ಸಣ್ಣ ನೆರಿಗೆ ಮಾಡಿ ಭುಜದ ಮೇಲೆ ಅಡಗಿಸಿಬಿಡುವುದು ನನಗೆ ಸಂಕಟದ ವಿಷಯ. ಬಿಚ್ಚಿ ಹೊದೆಯಿರಿ, ತೆನೆಗಳು ಕಾಣಲಿ. ಮೈತುಂಬ ಕೆಂಪು ಬೇಡವೆನ್ನುವವರಿಗೂ ಇಲ್ಲಿ ದಾರಿ ಇದೆ. ಹಸಿರು ಅಥವಾ ಕಪ್ಪು ಮೈಯ ಇಳಕಲ್ ಉಟ್ಟರೂ ಸೆರಗಿನ ಕೆಂಪೇ ಹಬ್ಬಕ್ಕೆ ಸಾಕಷ್ಟಾಯಿತು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ ಇದ್ದರೆ ಬೇರೆ ಅಲಂಕಾರವೇ ಬೇಡ.

ಮೈಸೂರು ರೇಷ್ಮೆಯ ಸ್ವಭಾವ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಸೀರೆಗಳಲ್ಲಿ ಮೈ ಬಹುತೇಕ ಸಾದಾ, ಜರಿ ಅಂಚಿನಲ್ಲಿ. ಮೈಗೆ ಅಂಟಿದಂತೆ ಇಳಿಯುವ ಆ ಕೆಂಪಿಗೆ ಕಸೂತಿ ತುಂಬಿದ ರವಿಕೆ ಹೊರೆಯಾಗುತ್ತದೆ. ಸಾದಾ ಹಸಿರು ರವಿಕೆ, ಕೈತುಂಬ ಹಸಿರು ಗಾಜಿನ ಬಳೆ, ಕೊರಳಿಗೆ ಒಂದೇ ಸರ ಇರಲಿ. ತಲೆಗೆ ಮಲ್ಲಿಗೆ, ನಡುವೆ ಮರುಗ. ಕನಕಾಂಬರ ನನಗೂ ಇಷ್ಟವೇ, ಆದರೆ ಕೆಂಪು ಸೀರೆಯ ಪಕ್ಕದಲ್ಲಿ ಅದರ ಬಣ್ಣ ಸೋಲುತ್ತದೆ. ಗಂಡಸರಿಗೆ ಕೆಂಪಂಚಿನ ಪಂಚೆ, ಅದೇ ಅಂಚಿನ ಶಲ್ಯ ಸಾಕು. ಮಕ್ಕಳಿಗೆ ಅಮ್ಮನ ಹಳೆಯ ರೇಷ್ಮೆ ಸೀರೆಯಲ್ಲಿ ಲಂಗ ಹೊಲಿಸಿದರೆ ಮೆತ್ತಗಿರುತ್ತದೆ, ಚುಚ್ಚುವುದಿಲ್ಲ.

ದೀಪದ ವಿಷಯವನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ರೇಷ್ಮೆಯಂತೆ ಹೊಳೆಯುವ ಕೃತಕ ನೂಲಿನ ಬಟ್ಟೆಗೆ ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕೊಂಡ ಬಟ್ಟೆ ಯಾವುದೆಂಬ ಅನುಮಾನವಿದ್ದರೆ ಅಂಚಿನಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಪುಡಿ ಬೂದಿಯಾಗುತ್ತದೆ, ಕೃತಕ ನೂಲು ಗಟ್ಟಿ ಮಣಿಯಾಗುತ್ತದೆ. ಯಾವ ಬಟ್ಟೆಯಾದರೂ ಸರಿ, ಆರತಿ ಎತ್ತುವ ಮುನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಮಕ್ಕಳ ದಾವಣಿಗೆ ಪಿನ್ನು ಹಾಕಿ.

ಹೊಸ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಉಡುವ ಮುನ್ನವೇ ತಿಳಿದುಕೊಳ್ಳಬೇಕು. ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ಒಳಬದಿಯ ಮೂಲೆಗೆ ಮೆಲ್ಲಗೆ ಒತ್ತಿ. ಅದಕ್ಕೆ ಕೆಂಪು ಹತ್ತಿದರೆ ಬೆವರಿಗೂ ಹತ್ತುತ್ತದೆ, ಪಕ್ಕದ ಬಿಳಿ ತೆನೆಗೂ ಹತ್ತುತ್ತದೆ. ಅಂಥದ್ದನ್ನು ಬೇರೆ ಬಟ್ಟೆಗಳ ಜೊತೆ ನೆನೆಸಬೇಡಿ. ಅರಿಶಿನ ಕುಂಕುಮ ಕೊಡುವಾಗ ಸೀರೆಗೆ ಅರಿಶಿನ ಬಿದ್ದರೆ ಮೊದಲು ಒಣಪುಡಿಯನ್ನು ಕೊಡವಿ. ಗಾಬರಿಯಿಂದ ಸೋಪು ಹಚ್ಚಬೇಡಿ. ಸುಣ್ಣ ಸೇರಿದಾಗ ಅರಿಶಿನ ಕೆಂಪಾಗುವಂತೆ ಸೋಪಿನ ಕ್ಷಾರಕ್ಕೂ ಆ ಕಲೆ ಕೆಂಪಾಗುತ್ತದೆ.

ಹಬ್ಬ ಮುಗಿದ ಮೇಲೆ ಸೀರೆಯನ್ನು ಒಂದು ಹಗಲು ನೆರಳಿನಲ್ಲಿ ಹರಡಿ, ಬೆವರಿನ ತೇವ ಆರಿದ ಮೇಲೆ ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಜರಿ ಕಪ್ಪಾಗುತ್ತದೆ. ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಇಲ್ಲವಾದರೆ ಅದೇ ಗೆರೆಯಲ್ಲಿ ರೇಷ್ಮೆ ಬಿರಿಯುತ್ತದೆ.

ಎಲ್ಲರಿಗೂ ನವರಾತ್ರಿಯ ಶುಭಾಶಯಗಳು. ನಮಸ್ಕಾರ.