ಟವೆಲ್ ಹಾಕಿದವ್ರಿಗೆ 25 ಎಕರೆ, ಕೂತಿದ್ದವ್ರಿಗೆ ನೋಟಿಸ್ | ಕೊಡಗಿನ ಪೈಸಾರಿ (ಸರ್ಕಾರಿ ಜಾಗ) ಲೆಕ್ಕ

ಎಲ್ರಿಗೂ ನಮಸ್ಕಾರ. ಇವತ್ತಿನ ವಿಡಿಯೋ ಒಂದು ಪ್ರಶ್ನೆಯಿಂದ ಶುರು, ಆ ಪ್ರಶ್ನೆ ನಂದಲ್ಲ. ಹೋದ ತಿಂಗ್ಳು ಸಿದ್ದಾಪುರ ಸಂತೇಲಿ ಒಣಮೀನು ತಗೊಳ್ತಾ ನಿಂತಿದ್ದೆ, ಪಕ್ಕದಲ್ಲಿ ಮುಂಚೆ ನಮ್ಮ ತೋಟಕ್ಕೆ ಕಾಫಿ ಕುಯ್ಯೋಕೆ ಬರ್ತಿದ್ದ ಒಬ್ರು ಅಜ್ಜಿ ಸಿಕ್ರು, ಎರವ ಅನ್ನೋ ಆದಿವಾಸಿ ಸಮುದಾಯದವ್ರು, ಹೆಸರು ಬೇಡ. ಮಳೆ, ಮಂಡಿ ನೋವು, ಕರಿಮೆಣಸಿನ ರೇಟು ಎಲ್ಲಾ ಮಾತಾಡಿ ಆದ್ಮೇಲೆ ಕೇಳಿದ್ರು, "ಅಲ್ಲ ಮಗ, ನಮ್ಮ ಗುಡಿಸ್ಲಿಗೆ ಒತ್ತುವರಿ ಅಂತಾರೆ. ಸಾವ್ಕಾರ್ರ ತೋಟದ ಒಳಗೂ ಪೈಸಾರಿ ಉಂಟಲ್ಲ, ಅದಕ್ಕೆ ಏನಂತಾರೆ?"

ನಾನು ಮೀನಿನ ಕವರ್ ಹಿಡ್ಕೊಂಡು ಸುಮ್ನೆ ನಿಂತೆ. ಉತ್ತರ ಗೊತ್ತಿತ್ತು, ಆದ್ರೆ ಅವ್ರ ಮುಖ ನೋಡ್ಕೊಂಡು ಹೇಳೋಕೆ ಆಗ್ಲಿಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಎಡಪಂಥೀಯ ವೋಟರ್, ನ್ಯೂಟ್ರಲ್ ಅಂತ ನಾಟಕ ಮಾಡಲ್ಲ. ಕೊಡಗಲ್ಲಿ ಹಂಗೆ ಹೇಳ್ಕೊಳ್ಳೋದು ಅಂದ್ರೆ ಮದ್ವೆ ಮನೇಲಿ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ಬೇಡ ಅಂದ ಹಂಗೆ, ಎಲ್ರೂ ಒಂದ್ಸಲ ತಿರುಗಿ ನೋಡಿ "ಯಾಕೆ, ಹುಷಾರಿಲ್ವಾ" ಅಂತ ಕೇಳ್ತಾರೆ. ಇನ್ನೊಂದು ವಿಷ್ಯ, ನಮ್ಮನೇದು 3 ಎಕರೆ ರೋಬಸ್ಟಾ ಕಾಫಿ, ಅದ್ರ ಕೆಳಗೆ ತೋಡಿನ ಪಕ್ಕ ಅರ್ಧ ಎಕರೆ ಪೈಸಾರಿ, ಅಜ್ಜ ಯಾವ್ದೋ ಕಾಲದಲ್ಲಿ ಬೇಲಿನ ಸ್ವಲ್ಪ ಆಚೆ ಹಾಕಿದ್ರು, ಹಂಗೇ ಉಳಿದಿದೆ. ಸೋ ನಾನು ಇವತ್ತು ಬೈಯೋ ಲಿಸ್ಟಲ್ಲಿ ನಾನೂ ಇದೀನಿ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಕೊಡಗಲ್ಲಿ ಜಾಗ ಅಂದ್ರೆ ಜಮ್ಮ, ಬಾಣೆ, ಸಾಗು, ಉಂಬಳಿ, ಒಂದೊಂದಕ್ಕೂ ಒಂದೊಂದು ವಿಡಿಯೋ ಬೇಕು, ಇವತ್ತು ಬೇಡ. ಇವತ್ತಿಗೆ ಬೇಕಾಗಿರೋದು ಪೈಸಾರಿ, ಅಂದ್ರೆ ಸರ್ಕಾರಿ ಜಾಗ. ಅಷ್ಟೇ. ಮುಂದೆ ಹೋಗೋಣ.

ಈಗ ವಿರಾಜಪೇಟೆ ಬಸ್‌ಸ್ಟ್ಯಾಂಡ್ ನೆನಪು ಮಾಡ್ಕೊಳ್ಳಿ. ಬಸ್ ಇನ್ನೂ ರಿವರ್ಸ್ ತಗೊಳ್ತಾ ಇರತ್ತೆ, ಆಗ್ಲೇ ಕಿಟಕಿಯಿಂದ ಟವೆಲ್ ಹಾರತ್ತೆ. ಟವೆಲ್, ಕರ್ಚೀಫು, ಛತ್ರಿ, ಒಂದ್ಸಲ ನನ್ನ ಕಣ್ಣಾರೆ ನೋಡಿದೀನಿ ಒಬ್ರು ಅರ್ಧ ಕೆಜಿ ಕಿತ್ತಳೆ ಕವರ್ ಎಸೆದು ಸೀಟ್ ಹಿಡಿದ್ರು. ಈ ಟವೆಲ್‌ಗೆ ಯಾವ ಕಾನೂನೂ ಇಲ್ಲ, ಆದ್ರೂ ಅದನ್ನ ತೆಗೆದು ಕೂರೋ ಧೈರ್ಯ ಯಾರಿಗೂ ಇಲ್ಲ. ಟವೆಲ್ ಯಾರ್ದು ಅನ್ನೋದ್ರ ಮೇಲೆ ಆ ಧೈರ್ಯ ಇನ್ನೂ ಕಮ್ಮಿ ಆಗತ್ತೆ, ಅದೂ ನಿಮಗೆ ಗೊತ್ತು.

ಈಗ ಅದೇ ಬಸ್ಸಲ್ಲಿ ಡಿಪೋದಿಂದ್ಲೇ ಒಬ್ರು ಕೂತು ಬಂದಿದಾರೆ ಅನ್ಕೊಳ್ಳಿ. ಬಸ್ ಶುರು ಆಗೋಕೂ ಮುಂಚೆ, ಅಂದ್ರೆ ಬಸ್ ಅನ್ನೋದು ಬರೋಕೂ ಮುಂಚೆ ಆ ಜಾಗದಲ್ಲೇ ಇದ್ದವ್ರು. ಕಂಡಕ್ಟರ್ ಬಂದು ಅವ್ರಿಗೆ ಹೇಳ್ತಾನೆ, ನೀನು ಇಲ್ಲೇ ಕೂತಿದ್ದೆ ಅನ್ನೋಕೆ ಪ್ರೂಫ್ ತೋರ್ಸು, ತೋರ್ಸಿದ್ರೆ ನೀನು ಕೂತಿರೋಷ್ಟು ಜಾಗ ನಿಂದು. ಆಮೇಲೆ ಮೂರು ಸೀಟಿಗೆ ಟವೆಲ್ ಹಾಕಿದವ್ರ ಹತ್ರ ಹೋಗಿ, ಸಾರ್ ನಿಮಗೆ ಪಾಪ ಟೆನ್ಷನ್ ಆಗ್ಬಾರ್ದು, 30 ವರ್ಷಕ್ಕೆ ಪಾಸ್ ಮಾಡ್ಕೊಡ್ತೀನಿ ಅಂತಾನೆ.

ಉತ್ಪ್ರೇಕ್ಷೆ ಅನ್ಸ್ತಾ? ತಡೀರಿ, ನಂಬರ್ ನೋಡೋಣ.

(ಸ್ಕ್ರೀನ್ ಎರಡು ಭಾಗ. ಎಡಗಡೆ 4 ಹೆಕ್ಟೇರ್, ಬಲಗಡೆ 25 ಎಕರೆ.)

ಎಡಗಡೆ ಇರೋದು ಅರಣ್ಯ ಹಕ್ಕು ಕಾಯ್ದೆ, 2006. ಎಡಪಕ್ಷಗಳು ಹೊರಗಿಂದ ಬೆಂಬಲ ಕೊಟ್ಟಿದ್ದ ಮೊದಲ ಯುಪಿಎ ಕಾಲದ್ದು, ಹಾಂ, ಕಾಲರ್ ಎತ್ಕೊಳ್ತಾ ಇದೀನಿ, ಬಿಡಿ. ಅದ್ರ ಪ್ರಕಾರ ಕಾಡಲ್ಲಿ ಬದುಕ್ತಿರೋ ಆದಿವಾಸಿ ಕುಟುಂಬಕ್ಕೆ ಉಳುಮೆ ಮಾಡ್ತಿರೋ ಜಾಗದ ಹಕ್ಕು ಕೊಡ್ಬೋದು. 2005ರ ಡಿಸೆಂಬರ್ 13ಕ್ಕೆ ಮುಂಚಿಂದ ಆ ಜಾಗದಲ್ಲಿ ಇರ್ಬೇಕು. ಎಷ್ಟು ಜಾಗ ಇದ್ಯೋ ಅಷ್ಟೇ, ಎಷ್ಟೇ ಇದ್ರೂ 4 ಹೆಕ್ಟೇರ್ ದಾಟೋ ಹಂಗಿಲ್ಲ. ಅಂದ್ರೆ ಹತ್ತು ಎಕರೆಗಿಂತ ಸ್ವಲ್ಪ ಕಮ್ಮಿ. ಮಾರೋ ಹಂಗಿಲ್ಲ. ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ, ಮೂರು ಬಾಗ್ಲು ತಟ್ಟಬೇಕು.

ಬಲಗಡೆ ಇರೋದು ಬೊಮ್ಮಾಯಿಯವ್ರ ಬಿಜೆಪಿ ಸರ್ಕಾರ ಇದ್ದಾಗ, 2022ರಲ್ಲಿ ಭೂ ಕಂದಾಯ ಕಾಯ್ದೆಗೆ ತಂದ ತಿದ್ದುಪಡಿ. ಸರ್ಕಾರಿ ಜಾಗದಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ಹಾಕ್ಕೊಂಡಿದ್ರೆ 25 ಎಕರೆವರೆಗೆ 30 ವರ್ಷ ಗುತ್ತಿಗೆ. ಕಟ್ ಆಫ್ ಡೇಟ್ ಏನು ಗೊತ್ತಾ? 2005ರ ಜನವರಿ 1.

ಎರಡೂ 2005! ಈ ಕಾಕತಾಳೀಯ ನೋಡಿ ನನಗೆ ಆ ರಾತ್ರಿ ನಿದ್ದೆನೇ ಬರ್ಲಿಲ್ಲ. ಒಂದೇ ವರ್ಷ, ಒಂದೇ ಜಿಲ್ಲೆ, ಸುಮಾರು ಕಡೆ ಬೇಲಿಯ ಈಚೆ ಆಚೆ. ಒಬ್ರಿಗೆ 10 ಎಕರೆ ಗರಿಷ್ಠ, ಅದೂ ತಲೆತಲಾಂತರದಿಂದ ಇದ್ದವ್ರಿಗೆ. ಇನ್ನೊಬ್ರಿಗೆ 25 ಎಕರೆ, ಅದೂ ಬೇಲಿ ಹಾರಿ ಬಂದಿದ್ದಕ್ಕೆ. ಕಾಫಿ ಬೋರ್ಡ್ ಲೆಕ್ಕದಲ್ಲಿ 10 ಹೆಕ್ಟೇರ್ ತನಕ ಇರೋನು ಸಣ್ಣ ಬೆಳೆಗಾರ, 10 ಹೆಕ್ಟೇರ್ ಅಂದ್ರೆ ಹತ್ರತ್ರ 25 ಎಕರೆ. ಅಂದ್ರೆ ಒಬ್ಬ ಸಣ್ಣ ಬೆಳೆಗಾರನ ತೋಟ ಜಾಸ್ತಿ ಅಂದ್ರೆ ಎಷ್ಟಿರ್ಬೋದೋ ಅಷ್ಟು ದೊಡ್ಡ ಟವೆಲ್! ನನ್ನ ಅರ್ಧ ಎಕರೆ ಇದರಲ್ಲಿ ಕರ್ಚೀಫೂ ಅಲ್ಲ.

ಈಗ ನೀವು ಹೇಳ್ತೀರ, ಅದು ಕಾಡು, ಇದು ಕಂದಾಯ ಜಾಗ, ಕಾನೂನೇ ಬೇರೆ ಅಂತ. ಒಪ್ಕೊಳ್ತೀನಿ, ಪೇಪರ್ ಮೇಲೆ ಬೇರೆ. ಆದ್ರೆ ದಿಡ್ಡಳ್ಳಿ ನೆನಪಿದ್ಯಲ್ಲ? ಮಾಲ್ದಾರೆ ಹತ್ರ, 2016ರ ಡಿಸೆಂಬರ್, ಲೈನ್ ಮನೆ, ಅಂದ್ರೆ ಎಸ್ಟೇಟ್ ಕೂಲಿಯವ್ರ ಸಾಲುಮನೆ, ಬಿಟ್ಟು ಬಂದು ಗುಡಿಸ್ಲು ಹಾಕ್ಕೊಂಡಿದ್ದ ಐನೂರಕ್ಕೂ ಜಾಸ್ತಿ ಆದಿವಾಸಿ ಕುಟುಂಬ, ಒಂದೇ ದಿನ ಕೆಡವಿ ಹಾಕಿದ್ರು, ಆ ಚಳೀಲಿ. ಅಲ್ಲೂ ಇದೇ ಜಗಳ, ಇದು ಕಾಡಾ ಪೈಸಾರಿನಾ ಅಂತ. ಜನ ಪೈಸಾರಿ ಅಂದ್ರು, ಅರಣ್ಯ ಇಲಾಖೆ ಕಾಡು ಅಂತು, ಜೆಸಿಬಿಗೆ ಎರಡೂ ಒಂದೇ.

ಆಗ ಇದ್ದಿದ್ದು ಕಾಂಗ್ರೆಸ್ ಸರ್ಕಾರ, ಹೌದು, ಮುಚ್ಚಿಡಲ್ಲ. ಆಮೇಲೆ ಹೋರಾಟ ಆಗಿ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯ್ತು. 25 ಎಕರೆ ಗುತ್ತಿಗೆನ 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರನೂ ರದ್ದು ಮಾಡಿಲ್ಲ, 2025ರಲ್ಲಿ ನಾಗರಹೊಳೆ ಒಳಗೆ ಕರಡಿಕಲ್ಲು ಹತ್ರ ಜೇನುಕುರುಬ ಆದಿವಾಸಿಗಳು ವಾಪಸ್ ತಮ್ಮ ಹಾಡಿ, ಅಂದ್ರೆ ತಮ್ಮ ಕೇರಿ, ಇದ್ದ ಜಾಗಕ್ಕೆ ಹೋದಾಗ ಸಿಕ್ಕ ಸ್ವಾಗತನೂ ಅದೇ ಇಲಾಖೆದು. ಹಂಗಾದ್ರೆ ಬಿಜೆಪಿ ಒಂದನ್ನೇ ಯಾಕಪ್ಪಾ ಹಿಡ್ಕೊಂಡಿದೀಯ ಅಂದ್ರೆ, ಕಾಂಗ್ರೆಸ್ಸಿನವ್ರು ತಪ್ಪು ಮಾಡಿ ಸಿಕ್ಕಿಬೀಳ್ತಾರೆ, ಬಿಜೆಪಿನವ್ರು ಅದೇ ಕೆಲ್ಸಕ್ಕೆ ಒಳ್ಳೆ ಹೆಸರಿಟ್ಟು ಚಪ್ಪಾಳೆ ತಗೊಳ್ತಾರೆ. ಹೆಸರಿಡೋದ್ರಲ್ಲಿ ಅವ್ರನ್ನ ಮೀರಿಸೋರಿಲ್ಲ. ಗುಡಿಸ್ಲು ಹಾಕಿದ್ರೆ ಒತ್ತುವರಿ, ಎಸ್ಟೇಟ್ ಮಾಡಿದ್ರೆ ಬೆಳೆಗಾರರ ನೆಮ್ಮದಿ.

ಮತ್ತೆ ಇಷ್ಟು ದೊಡ್ಡ ವಿಷ್ಯ ನಮ್ಮೂರಲ್ಲಿ ಯಾಕೆ ದೊಡ್ಡ ಚರ್ಚೆ ಆಗ್ಲಿಲ್ಲ? ಅದೇ 2022ರಲ್ಲಿ ನಾವೇನು ಚರ್ಚೆ ಮಾಡ್ತಿದ್ವಿ ನೆನಪು ಮಾಡ್ಕೊಳ್ಳಿ. ನಾನು ಹೇಳ್ತೀನಿ. ಕೋಳಿ.

ಆಗಸ್ಟ್ 18. ಮಳೆಯಿಂದ ಆದ ಹಾನಿ ನೋಡೋಕೆ ಅಂತ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಕೊಡಗಿಗೆ ಬಂದ್ರು. ಕಾರಿಗೆ ಮೊಟ್ಟೆ ಬಿತ್ತು, ಪ್ರತಿಭಟನೆ ಮಾಡಿದವ್ರು ಸಾವರ್ಕರ್ ಫೋಟೋ ಹಿಡಿದ್ರು. ಅದಾಗಿ ಎರಡು ದಿನಕ್ಕೆ ಟಾಪಿಕ್ ಚೇಂಜ್, ಸಿದ್ದರಾಮಯ್ಯ ಮಾಂಸದೂಟ ಮಾಡಿ ಕೊಡ್ಲಿಪೇಟೆ ಬಸವೇಶ್ವರ ದೇವಸ್ಥಾನಕ್ಕೆ ಹೋದ್ರು ಅನ್ನೋ ಆರೋಪ. ಟಿವಿಲಿ ಮೂರು ಹೊತ್ತೂ ಅದೇ. ಸ್ವಾಮಿ, ಇದು ಕೊಡಗು! ನಮ್ಮ ಹಬ್ಬ ಕೈಲ್ ಪೊಳ್ದ್‌ಗೆ ಎರಡೇ ವಾರ ಇತ್ತು, ಮನೆಮನೇಲಿ ಪಂದಿಗೆ ಆರ್ಡರ್ ಕೊಟ್ಟು ಅದಕ್ಕೆ ಹಾಕೋ ಹುಳಿ ಕಾಚಂಪುಳಿ ಬಾಟ್ಲಿ ಹುಡುಕ್ತಾ ಇದ್ದ ಟೈಮು, ನಮ್ಮನೇಲಿ ಅಮ್ಮ ಕಡಂಬುಟ್ಟಿಗೆ, ಅಂದ್ರೆ ಅಕ್ಕಿ ಉಂಡೆಗೆ, ಅಕ್ಕಿ ತರಿ ಮಾಡ್ಸಿ ಇಟ್ಟಿದ್ರು. ಆ ಜಿಲ್ಲೆಲಿ ಕೂತ್ಕೊಂಡು ನಾವು ಒಬ್ರು ಕೋಳಿ ತಿಂದ್ರಾ ಇಲ್ವಾ ಅಂತ ಜಗಳ ಆಡಿದ್ವಿ. ನಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಲ್ಲಿ ಈ ಬಗ್ಗೆ ಉದ್ದ ಮೆಸೇಜ್ ಹಾಕಿದ್ರು, ಧರ್ಮ, ಸಂಸ್ಕೃತಿ, ಪಾವಿತ್ರ್ಯ ಅಂತ. ಅದಾಗಿ ಹತ್ತು ನಿಮಿಷಕ್ಕೆ ಅದೇ ಗ್ರೂಪಲ್ಲಿ "ಭಾನುವಾರಕ್ಕೆ ಪಂದಿ ಯಾರಿಗೆ ಎಷ್ಟು ಕೆಜಿ" ಅಂತ ಲಿಸ್ಟ್ ಕೇಳಿದ್ರು. ನಾನು ಎರಡು ಕೆಜಿ ಅಂತ ಹಾಕ್ದೆ, ಏನ್ಮಾಡೋದು.

ಆಮೇಲೆ ಕಾಂಗ್ರೆಸ್‌ನವ್ರು ಮಡಿಕೇರಿ ಚಲೋ ಅಂದ್ರು, ಬಿಜೆಪಿನವ್ರು ನಾವೂ ಸಮಾವೇಶ ಮಾಡ್ತೀವಿ ಅಂದ್ರು, ಜಿಲ್ಲೆಗೆ ನಿಷೇಧಾಜ್ಞೆ ಬಂತು, ಎರಡೂ ಕ್ಯಾನ್ಸಲ್. ಈ ಗಲಾಟೇಲಿ ಮಳೆಗೆ ಬಿದ್ದ ಮನೆಗಳ ಕಥೆ, ಅಂದ್ರೆ ಆ ಮನುಷ್ಯ ಬಂದ ಕಾರಣನೇ, ಎಲ್ಲಿ ಹೋಯ್ತು? ಕುಸಿದ ಗುಡ್ಡದ ಬರೆ ಕುಸಿದ ಹಂಗೇ ಇತ್ತು, ಕ್ಯಾಮೆರಾ ಕೋಳಿ ಹಿಂದೆ ಹೋಗಿತ್ತು. ಗುತ್ತಿಗೆ ತಿದ್ದುಪಡಿನೂ ಅದೇ ವರ್ಷದ್ದು. ಬೇಕಂತ ಪ್ಲಾನ್ ಮಾಡಿದ್ರು ಅಂತ ನಾನು ಹೇಳಲ್ಲ, ಅಷ್ಟು ಬುದ್ಧಿವಂತ್ರು ಯಾರೂ ಇಲ್ಲ. ಆದ್ರೆ ಜನರ ತಲೆ ಒಂದೇ ಇರೋದು, ಅದ್ರೊಳಗೆ ಕೋಳಿ ಕೂತ್ರೆ ಎಕರೆಗೆ ಜಾಗ ಇರಲ್ಲ.

ಇನ್ನೊಂದು ಹೆಸರಿಡೋ ಆಟ, ಬಿಟ್ಟಿ ಭಾಗ್ಯ. 2022ರ ಜುಲೈಲಿ ಪ್ರಧಾನಿ ಮೋದಿ ರೇವಡಿ ಸಂಸ್ಕೃತಿ ಅಂದ್ರು, ಫ್ರೀ ಆಗಿ ಹಂಚೋದು ದೇಶಕ್ಕೆ ಅಪಾಯ ಅಂತ. ರೇವಡಿ ಅಂದ್ರೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಎಳ್ಳುಂಡೆ ಸಂಬಂಧಿಕ ಅನ್ಕೊಳ್ಳಿ. ಸರಿ, 2019ರ ಸೆಪ್ಟೆಂಬರ್‌ಲಿ ಕಾರ್ಪೊರೇಟ್ ಟ್ಯಾಕ್ಸ್ 30ರಿಂದ 22 ಪರ್ಸೆಂಟಿಗೆ ಇಳಿಸಿದ್ರಲ್ಲ, ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಕೊಡ್ತಾ ಇದೀವಿ ಅಂತ ಹಣಕಾಸು ಸಚಿವೆನೇ ಹೇಳಿದ್ರಲ್ಲ, ಅದು ಯಾವ ಉಂಡೆ? ಅದಕ್ಕೆ ಉತ್ತೇಜನ ಅಂತಾರೆ. ಲೈನ್ ಮನೆ ಹೆಂಗಸು ಫ್ರೀ ಬಸ್ಸಲ್ಲಿ ಸಿದ್ದಾಪುರದಿಂದ ಮಡಿಕೇರಿ ಆಸ್ಪತ್ರೆಗೆ ಹೋದ್ರೆ ಬಿಟ್ಟಿ ಅಂತಾರೆ. ನಮ್ಮ ಬೆಳೆಗಾರರು, ನನ್ನನ್ನೂ ಸೇರಿಸಿ, 10 ಎಚ್‌ಪಿ ಪಂಪ್‌ಸೆಟ್‌ಗೆ ಫ್ರೀ ಕರೆಂಟ್ ಕೊಡಿ ಅಂತ ಎಷ್ಟೋ ವರ್ಷದಿಂದ ಕೇಳ್ತಾ ಇದೀವಿ. ನ್ಯಾಯವಾದ ಬೇಡಿಕೆನೇ, ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು. ಆದ್ರೆ ಅದೇ ಬಾಯಲ್ಲಿ ಗೃಹಜ್ಯೋತಿಗೆ ಬಿಟ್ಟಿ ಅನ್ನೋವಾಗ ನಾಲ್ಗೆ ತೊದಲ್ಬೇಕಲ್ವಾ ಸ್ವಲ್ಪನಾದ್ರೂ?

ಎಡಿಟರ್ ಹುಡ್ಗ ಆಗ್ಲೇ ಕೈ ತೋರಿಸ್ತಾ ಇದಾನೆ, ಟೈಮ್ ಆಯ್ತಂತೆ. ಉಳಿದಿದ್ದನ್ನ ಒಂದೇ ಉಸ್ರಲ್ಲಿ ಹೇಳ್ಬಿಡ್ತೀನಿ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ್ರು, ಅಂದ್ರೆ ಕೃಷಿಕರಲ್ಲದವ್ರೂ ಕೃಷಿ ಜಾಗ ತಗೊಳ್ಬೋದು. ಕಾಫಿ ತೋಟಕ್ಕೆ ಮುಂಚಿಂದ್ಲೂ ಆ ಕಾಯ್ದೆ ವಿನಾಯ್ತಿ ಇತ್ತು, ಹಂಗಾಗಿ ಉಳ್ಕೊಂಡಿದ್ದಿದ್ದು ಗದ್ದೆ ಒಂದೇ, ಈಗ ಅದಕ್ಕೂ ಬಾಗ್ಲು ತೆಗೀತು, ನಾಟಿ ಮಾಡಿದ್ಮೇಲೆ ಗದ್ದೇಲಿ ಓಡೋ ನಾಟಿ ಓಟ ಮುಂದೆ ರೆಸಾರ್ಟ್ ಪಾರ್ಕಿಂಗಲ್ಲಿ ಮಾಡ್ಬೇಕೇನೋ. 2022ರ ಅರಣ್ಯ ಸಂರಕ್ಷಣಾ ನಿಯಮಗಳಲ್ಲಿ, ಕಾಡು ಜಾಗ ಬೇರೆ ಕೆಲ್ಸಕ್ಕೆ ಕೊಡೋವಾಗ ಗ್ರಾಮಸಭೆ ಒಪ್ಪಿಗೆ ತಗೊಳ್ಳೋದನ್ನ ಕೇಂದ್ರ ತನ್ನ ತಲೆಯಿಂದ ಇಳಿಸಿ ರಾಜ್ಯದ ತಲೆಗೆ ಹಾಕ್ತು, ಅದೂ ಕೇಂದ್ರ ಅನುಮತಿ ಕೊಟ್ಟಾದ ಮೇಲೆ, ಅಂದ್ರೆ ಮದ್ವೆ ಆದ್ಮೇಲೆ ಹುಡುಗಿ ಒಪ್ಪಿಗೆ ಕೇಳಿದ ಹಂಗೆ. ನವೆಂಬರ್ ಬಂದ್ರೆ ಟಿಪ್ಪು. 2015ರಲ್ಲಿ ಸರ್ಕಾರಿ ಟಿಪ್ಪು ಜಯಂತಿ ದಿನದ ಗಲಾಟೇಲಿ ಮಡಿಕೇರಿಲಿ ಏನಾಯ್ತು ಅಂತ ನಮಗೆಲ್ಲಾ ಗೊತ್ತು, ಆ ನೋವು ನಿಜ, ಆ ಜಯಂತಿನ ಹಂಗೆ ಹೇರಿದ್ದೂ ತಪ್ಪೇ ಅಂತ ನನ್ನ ಅಭಿಪ್ರಾಯ. 2019ರಲ್ಲಿ ಯಡಿಯೂರಪ್ಪ ಸರ್ಕಾರ ಅದನ್ನ ರದ್ದೂ ಮಾಡ್ತು, ಮಾಡಿದ್ಮೇಲೂ ಟಿಪ್ಪು ಪ್ರತಿ ಎಲೆಕ್ಷನ್‌ಗೆ ಬರ್ತಾನೆ, ನಮ್ಮೂರಿನ ಆನೆ ಕಂದಕಕ್ಕಿಂತ ರೆಗ್ಯುಲರ್ ಆಗಿ. ಮತ್ತೆ ಅಸ್ಸಾಂ ಕಾರ್ಮಿಕರು. ಕುಯ್ಲಿಗೆ ಕಮ್ಮಿ ಕೂಲಿಗೆ ಕರ್ಕೊಂಡು ಬರೋರು ನಾವೇ, ಸಂತೇಲಿ ಅವ್ರನ್ನ ನೋಡಿ ಬಾಂಗ್ಲಾದವ್ರು ಅಂತ ಗುಮಾನಿ ಹಬ್ಬಿಸೋರೂ ನಮ್ಮವ್ರೇ, ಬೆಳಗ್ಗೆ ಏಳಕ್ಕೆ ಕಣದಲ್ಲಿ ಕಾಫಿ ಚೆರ್ರಿ ಹರಡೋಕೆ ಮಾತ್ರ ಅವ್ರು ಭಾರತೀಯರು.

2023ರಲ್ಲಿ ಜಿಲ್ಲೆಯ ಎರಡೂ ಸೀಟು ಬಿಜೆಪಿ ಕೈತಪ್ಪಿತು. ಅದನ್ನ ಎಡಪಂಥದ ಗೆಲುವು ಅಂತ ನಾನು ಕನಸಲ್ಲೂ ಹೇಳಲ್ಲ, ನಮಗೆ ಬೀಳೋ ಓಟು ಎಷ್ಟು ಅಂತ ಎಣಿಸೋಕೆ ಕೈಬೆರಳು ಸಾಕಾಗಲ್ಲ ಅನ್ನೋದೇ ನಮಗೆ ಸಂಭ್ರಮ.

ಅಜ್ಜಿ ಮತ್ತೆ ಸಿಕ್ಕಿದ್ರು, ಮೊನ್ನೆ. ಈ ಸಲ ಹೇಳ್ದೆ, "ಸಾವ್ಕಾರ್ರದ್ದಕ್ಕೆ ಗುತ್ತಿಗೆ ಅಂತಾರೆ ಅಜ್ಜಿ, 30 ವರ್ಷಕ್ಕೆ." ಅವ್ರು ಎಲೆ ಅಡಿಕೆ ಉಗಿದು ಬಂದು ಕೇಳಿದ್ರು, "ಅದಕ್ಕೆ ಅರ್ಜಿ ಎಲ್ಲಿ ಕೊಡೋದು?" ಅದಕ್ಕಲ್ಲ ಅಜ್ಜಿ, ನಿಮ್ದು ಬೇರೆ, ನಿಮ್ಮ ಹಾಡಿಗೆ ಅರಣ್ಯ ಹಕ್ಕು ಸಮಿತಿ ಅಂತ ಇರತ್ತೆ, ಅಲ್ಲಿ ಫಾರ್ಮ್ ಎ ಕೊಡ್ಬೇಕು ಅಂದೆ. ಹತ್ತು ವರ್ಷದ ಹಿಂದೆನೇ ಕೊಟ್ಟಿದ್ರಂತೆ. ರಿಜೆಕ್ಟ್ ಆಯ್ತಾ, ಎಲ್ಲಿ ಕೂತಿದೆ, ಏನೂ ಹೇಳಿಲ್ವಂತೆ. ರಿಜೆಕ್ಟ್ ಮಾಡಿದ್ರೆ ಕಾರಣ ತಿಳಿಸ್ಲೇಬೇಕು, ತಿಳಿಸಿದ್ಮೇಲೆ 60 ದಿನದಲ್ಲಿ ಮೇಲಿನ ಸಮಿತಿಗೆ ಹೋಗ್ಬೋದು. ಬುಧವಾರ ನಾನು ಅವ್ರ ಜೊತೆ ಆಫೀಸಿಗೆ ಹೋಗ್ತಾ ಇದೀನಿ, ಹಳೆ ಅರ್ಜಿ ಫೈಲ್ ಹುಡ್ಕೋಕೆ. ಸಿಕ್ಕಿದ್ರೂ ಸಿಗ್ದಿದ್ರೂ ಮುಂದಿನ ವಿಡಿಯೋ ಅದೇ.