ಬೋರ್ಡ್ ನಂಬರ್ ಒಂದೇ ಇದ್ರೂ ಹಾರ್ಡ್ ಡಿಸ್ಕ್ ಯಾಕೆ ಏಳಲ್ಲ?

ದೃಶ್ಯ: ಮೇಜಿನ ಮೇಲೆ ಒಂದೇ ಮಾಡೆಲ್‌ನ ಎರಡು ಹಾರ್ಡ್ ಡಿಸ್ಕ್, ಹಸಿರು ಸರ್ಕ್ಯೂಟ್ ಬೋರ್ಡ್ ಮೇಲ್ಮುಖ.

ನಮಸ್ಕಾರ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರ ಪ್ರಶ್ನೆ ಇದು: "ಸಿಡಿಲಿಗೆ ಹಾರ್ಡ್ ಡಿಸ್ಕ್ ಹೋಯ್ತು. ಶಿವಮೊಗ್ಗದಲ್ಲಿ ಅದೇ ಮಾಡೆಲ್‌ದು ಹಳೇದು ಸಿಕ್ಕಿದೆ. ಬೋರ್ಡ್ ಬದಲಾಯಿಸಿದ್ರೆ ಮದುವೆ ಫೋಟೋ ಸಿಗುತ್ತಾ?" ಸಿಗಬಹುದು. ಆದ್ರೆ ಬರೀ ಬೋರ್ಡ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಸಿಗಲ್ಲ.

ಮೊದಲು ಕಿವಿ ಕೊಟ್ಟು ಕೇಳಿ. ಸದ್ದೇ ಇಲ್ಲ, ಮೋಟಾರ್ ತಿರುಗ್ತಿಲ್ಲ, ಸುಟ್ಟ ವಾಸನೆ ಇದೆ ಅಂದ್ರೆ ಬೋರ್ಡ್ ಮೇಲೆ ಅನುಮಾನ. ಟಿಕ್ ಟಿಕ್ ಅಂತಿದ್ರೆ ಸಾಮಾನ್ಯವಾಗಿ ಒಳಗೆ ಡೇಟಾ ಓದೋ ಹೆಡ್ ಹೋಗಿರುತ್ತೆ. ತಕ್ಷಣ ಆಫ್ ಮಾಡಿ. ಮುಚ್ಚಳ ಮಾತ್ರ ಬಿಚ್ಚಲೇಬೇಡಿ.

ದೃಶ್ಯ: ಪವರ್ ಕನೆಕ್ಟರ್ ಪಕ್ಕದ ಎರಡು ಕಪ್ಪು ಡಯೋಡ್, ಮಲ್ಟಿಮೀಟರ್ ಮೊನೆ.

ಇನ್ನೊಂದು ಬೋರ್ಡ್ ಹುಡುಕೋ ಮೊದಲು ಇಲ್ಲಿ ನೋಡಿ. ಮೂರೂವರೆ ಇಂಚಿನ ಡಿಸ್ಕ್‌ಗೆ 12 ವೋಲ್ಟ್, 5 ವೋಲ್ಟ್ ಎರಡೂ ಬರುತ್ತೆ. ಎರಡಕ್ಕೂ ಒಂದೊಂದು ಟಿವಿಎಸ್ ಡಯೋಡ್ ಕಾವಲು. ವೋಲ್ಟೇಜ್ ಮಿತಿ ಮೀರಿದ್ರೆ ಅದು ತಾನು ಶಾರ್ಟ್ ಆಗಿ ಉಳಿದ ಬೋರ್ಡನ್ನ ಕಾಯುತ್ತೆ. 12 ವೋಲ್ಟ್ ಬೇಕಾದ ಎಕ್ಸ್‌ಟರ್ನಲ್ ಡಿಸ್ಕ್‌ಗೆ 19 ವೋಲ್ಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ್ರೂ ಇದೇ ಗತಿ. ಕೇಬಲ್ ಎಲ್ಲಾ ಕಿತ್ತು, ಡಯೋಡ್‌ನ ಎರಡು ತುದಿಗೆ ಮೀಟರ್ ಇಡಿ. ಸೊನ್ನೆ ಓಮ್ ಹತ್ತಿರ ತೋರಿಸಿದ್ರೆ ಅದು ಸತ್ತಿದೆ. ತೆಗೆದುಬಿಟ್ಟರೆ ಎಷ್ಟೋ ಸಲ ಡಿಸ್ಕ್ ಏಳುತ್ತೆ. ಆಮೇಲೆ ಕಾವಲಿಲ್ಲ, ಹಾಗಾಗಿ ಒಳ್ಳೆ ಪವರ್ ಸಪ್ಲೈಗೆ ಹಾಕಿ, ಡೇಟಾ ಕಾಪಿ ಮಾಡ್ಕೊಂಡು ಆ ಡಿಸ್ಕ್‌ಗೆ ವಿಶ್ರಾಂತಿ ಕೊಡಿ.

ನಮ್ಮ ಮಲೆನಾಡಿಗೆ ಇನ್ನೊಂದು ಕಾಟ, ಥಂಡಿ. ಬೋರ್ಡ್‌ನ ಸ್ಕ್ರೂ ಬಿಚ್ಚಿ (ಟಿ6 ಅಥವಾ ಟಿ8 ನಕ್ಷತ್ರ ಬಿಟ್ ಬೇಕು) ಮಗುಚಿದ್ರೆ, ಹೆಡ್‌ಗೆ ಸಂಪರ್ಕ ಕೊಡೋ ಪ್ಯಾಡ್‌ಗಳು ಕಪ್ಪಗಾಗಿರೋದು ಕಾಣುತ್ತೆ. ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕೆಲವು ಡಿಸ್ಕ್‌ಗೆ ಇಷ್ಟೇ ಔಷಧಿ.

ಇದಕ್ಕೂ ಬಗ್ಗಲಿಲ್ಲ ಅಂದ್ರೆ ಬೋರ್ಡ್. ಹೊಂದಿಸಬೇಕಾದ್ದು ಮೇಲಿನ ಸ್ಟಿಕ್ಕರ್‌ನ ಮಾಡೆಲ್ ಅಲ್ಲ, ಬೋರ್ಡ್ ಮೇಲೇ ಅಚ್ಚಾದ ನಂಬರ್. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 2060 ಅಂತ, ಸೀಗೇಟ್‌ನಲ್ಲಿ 100 ಅಂತ ಶುರುವಾಗುತ್ತೆ.

ದೃಶ್ಯ: ಎಂಟು ಕಾಲಿನ ಪುಟ್ಟ ಚಿಪ್, ಪಕ್ಕದಲ್ಲಿ ಒಂದು ಅಕ್ಕಿ ಕಾಳು.

ನಂಬರ್ ಕೂಡಿದ್ರೂ ಡಿಸ್ಕ್ ಟಿಕ್ ಟಿಕ್ ಅನ್ನೋಕೆ ಕಾರಣ ಈ ರೋಮ್ ಚಿಪ್, ಅಂದ್ರೆ ಬರೆದಿಟ್ಟದ್ದು ಕರೆಂಟ್ ಹೋದ್ರೂ ಅಳಿಯದ ಚಿಪ್. ಅಡಿಕೆ ಕೊನೆ ಕೊಯ್ಯೋದನ್ನ ನೆನಪಿಸ್ಕೊಳ್ಳಿ. ಕೊನೆಗೌಡ ಒಂದು ಮರ ಹತ್ತಿ, ಅದನ್ನ ತೂಗಾಡಿಸಿ, ಕೆಳಗಿಳಿಯದೇ ಪಕ್ಕದ ಮರಕ್ಕೆ ದಾಟ್ತಾನೆ. ಯಾವ ಮರ ಎಷ್ಟು ಬಾಗುತ್ತೆ, ಯಾವುದು ಟೊಳ್ಳು, ಯಾವುದಕ್ಕೆ ಕೈ ಹಾಕಬಾರದು, ಆ ತೋಟದ ಲೆಕ್ಕ ಅವನಿಗೆ ಗೊತ್ತು. ಅಷ್ಟೇ ಚುರುಕಾದ ಇನ್ನೊಬ್ಬ ಬೇರೆ ತೋಟದ ಲೆಕ್ಕ ಇಟ್ಕೊಂಡು ಇಲ್ಲಿ ದಾಟಿದ್ರೆ? ಕೈ ಚಾಚಿದಲ್ಲಿ ಮರ ಇರಲ್ಲ.

ಹೆಡ್ ಪಾಡೂ ಅದೇ. ಪ್ಲ್ಯಾಟರ್ (ಡೇಟಾ ಇರೋ, ತಿರುಗೋ ತಟ್ಟೆ) ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರೋ ಹೆಡ್‌ಗಳು ಒಂದರಂತೆ ಇನ್ನೊಂದು ಇರಲ್ಲ. ಯಾವ ಹೆಡ್ ಬಳಕೆಯಲ್ಲಿದೆ, ಸಿಗ್ನಲ್ ಹೇಗೆ ಓದಬೇಕು ಅಂತ ಫ್ಯಾಕ್ಟರಿಯಲ್ಲಿ ಪ್ರತಿ ಡಿಸ್ಕ್ ಅಳೆದು ಈ ಚಿಪ್‌ಗೆ ಬರೀತಾರೆ. ಉಳಿದ ಫರ್ಮ್‌ವೇರ್, ಅಂದ್ರೆ ಡಿಸ್ಕನ್ನ ನಡೆಸೋ ಪ್ರೋಗ್ರಾಂ, ಬಹುಪಾಲು ಪ್ಲ್ಯಾಟರ್ ಮೇಲಿದೆ. ಅಲ್ಲಿಗೆ ಮುಟ್ಟೋಕೆ ಬೇಕಾದ ಲೆಕ್ಕ ಇಲ್ಲಿದೆ. ಹಾಗಾಗಿ ಬೋರ್ಡ್ ಯಾರದ್ದಾದ್ರೂ ಆಗ್ಲಿ, ಚಿಪ್ ಮಾತ್ರ ನಿಮ್ಮದೇ ಇರಬೇಕು.

ವೆಸ್ಟರ್ನ್ ಡಿಜಿಟಲ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಯು12 ಅಂತ ಬರೆದಿರೋ ಜಾಗದಲ್ಲಿರುತ್ತೆ. ಫ್ಲಕ್ಸ್ ಹಚ್ಚಿ, ಹಾಟ್ ಏರ್ ಗನ್ ಸುಮಾರು 350 ಡಿಗ್ರಿಗೆ ಇಟ್ಟು, ಬೆಸುಗೆ ಕರಗಿದ ಮೇಲೆ ಚಿಮಟದಲ್ಲಿ ಎತ್ತಿ. ಕರಗೋ ಮೊದಲು ಎಳೆದ್ರೆ ಪ್ಯಾಡ್ ಕಿತ್ತು ಬರುತ್ತೆ. ಮೂಲೆಯ ಚುಕ್ಕಿ ಒಂದನೇ ಕಾಲಿನ ಗುರುತು. ಎರಡೂ ಬೋರ್ಡ್‌ನ ಫೋಟೋ ತೆಗೆದಿಟ್ಕೊಂಡು ಅದೇ ದಿಕ್ಕಿಗೆ ಕೂರಿಸಿ. ಯು12 ಖಾಲಿ ಇದ್ರೆ ರೋಮ್ ಬೋರ್ಡ್‌ನ ದೊಡ್ಡ ಕಂಟ್ರೋಲರ್ ಚಿಪ್ ಒಳಗೇ ಇದೆ ಅಂತ ಅರ್ಥ. ಅದು ಮನೆಯಲ್ಲಿ ಆಗೋ ಕೆಲಸ ಅಲ್ಲ, ಲ್ಯಾಬ್‌ಗೆ ಕೊಡಿ.

ಸಮಯ ಆಯ್ತು, ಉಳಿದದ್ದು ಬೇಗ. ಯುಎಸ್‌ಬಿ ಪೋರ್ಟ್ ಬೋರ್ಡ್ ಮೇಲೇ ಇರೋ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಕೆಲವು ನಾವು ಪಾಸ್‌ವರ್ಡ್ ಹಾಕದಿದ್ರೂ ಡೇಟಾ ಎನ್‌ಕ್ರಿಪ್ಟ್ ಮಾಡಿರುತ್ತೆ. ಅದಕ್ಕೆ ಸಾಟಾ ಬೋರ್ಡ್ (ಯುಎಸ್‌ಬಿ ಬದಲು ಕಂಪ್ಯೂಟರ್ ಒಳಗೆ ಜೋಡಿಸೋದು) ಹಾಕಿ ನೇರ ಓದಿದ್ರೆ ಅರ್ಥವಿಲ್ಲದ ಅಕ್ಷರ ಸಿಗುತ್ತೆ. ಡಿಸ್ಕ್ ಎದ್ದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡ್ಲಾ" ಅಂದ್ರೆ ಕ್ಯಾನ್ಸಲ್ ಒತ್ತಿ. ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಬೇಡ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಹಾಕಿ ಪೂರ್ತಿ ಡಿಸ್ಕ್‌ನ ಇಮೇಜ್ (ತದ್ರೂಪು ನಕಲು) ಇನ್ನೊಂದು ಡಿಸ್ಕ್‌ಗೆ ತೆಗೀರಿ, ಹುಡುಕಾಟ ಆ ಇಮೇಜ್‌ನಲ್ಲಿ ನಡೀಲಿ.

ಅಂಗಡಿಗೆ ಕೊಡೋದಾದ್ರೆ ಸುಟ್ಟ ಬೋರ್ಡನ್ನೂ ಜೊತೆಗೆ ಕೊಡಿ, ಕೆಲಸ ಮುಗಿದ ಮೇಲೆ ಕೇಳಿ ವಾಪಸ್ ತನ್ನಿ. ಹಾಳಾಗಿದೆ ಅಂತ ಬುಟ್ಟಿಗೆ ಎಸೆದ ಬೋರ್ಡ್ ಮೇಲಿನ ಆ ಎಂಟು ಕಾಲಿನ ಚಿಪ್ ಬೇರೆ ಯಾವ ಊರಿನ ಯಾವ ಅಂಗಡಿಯಲ್ಲೂ ಸಿಗಲ್ಲ.